ಕಮಲಾಪುರದ ದಾರಿಯಲ್ಲಿ ನಿಂತ ಕಾರು

"ಇಂವ ಬೇಕಂತಲೇ ಕಾರ್ ನಿಲ್ಲಿಸ್ಯಾನ," ಎಂದರು ಲಲಿತಾಬಾಯಿ, ಎದುರಿಗೆ ನಿಂತಿದ್ದ ಡ್ರೈವರ್ ಶಫಿಯ ಕಡೆ ನೋಡದೆ. "ಅಕ್ಕನ ಮುಖಾ ನೋಡಾಕ ಆಗಲಿಲ್ಲ ನನಗ."

ಕಪನೂರದ ನಮ್ಮ ಗ್ಯಾರೇಜಿಗೆ ಆ ಕಾರನ್ನು ಎಳೆದು ತಂದಾಗ ಅವರ ಅಕ್ಕ ತೀರಿಕೊಂಡು ನಾಲ್ಕು ದಿನವಾಗಿತ್ತು. ಗ್ಯಾರೇಜಿನ ಒಡತಿ ಗೌಸಿಯಾ ಆಪಾ. ಹದಿನೈದು ವರ್ಷದಿಂದ ನಾನು, ಅಂಬಣ್ಣ, ಅವರ ಜೊತೆಗಿದ್ದೇನೆ. ಕೆಟ್ಟ ಗಾಡಿಗಳಷ್ಟೇ ಅಲ್ಲ, ಗಾಡಿಯಿಂದ ಹುಟ್ಟಿದ ಜಗಳಗಳೂ ಅವರ ಹತ್ತಿರ ಬರುತ್ತವೆ.

ನಡೆದದ್ದಿಷ್ಟು. ಸೋಮವಾರ ಶರಣಸಿರಸಗಿಯ ಮೆಕ್ಯಾನಿಕ್ ವಿವೇಕಾನಂದ ಕಾರಿನ ಆಯಿಲ್ ಬದಲಿಸಿದ್ದ. ಗುರುವಾರ ಕಮಲಾಪುರದಿಂದ ಫೋನ್ ಬಂತು: ಅಕ್ಕ ಸೂಗಮ್ಮ ಬಹಳ ಹೊತ್ತು ಇರುವುದಿಲ್ಲ. ಬಾಯಿಯವರನ್ನು ಕೂರಿಸಿಕೊಂಡು ಶಫಿ ಕೂಡಲೇ ಹೊರಟ. ಅರ್ಧ ದಾರಿಯಲ್ಲಿ ಆಯಿಲ್‌ನ ಕೆಂಪು ದೀಪ ಹತ್ತಿತು. ಆತ ಎಂಜಿನ್ ಬಂದ್ ಮಾಡಿದ. ಬಾಯಿಯವರು ಎಷ್ಟು ಬೈದರೂ ಮುಂದೆ ಒಯ್ಯಲಿಲ್ಲ. ಅವರು ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಶಫಿಯೇ ಹೊಸ ಆಯಿಲ್ ತೆಗೆದು ಮಾರಿರಬೇಕು ಎಂದು ವಿವೇಕಾನಂದ ಹೇಳಿದ. ಬಾಯಿಯವರು ನಂಬಿದರು. ಹನ್ನೊಂದು ವರ್ಷದಿಂದ ಇದ್ದ ಡ್ರೈವರಿಗೆ ಮನೆ ಬಾಗಿಲು ಮುಚ್ಚಿತು.

ಆಪಾ ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ಆಯಿಲ್ ಮೇಲಿನ ಗೆರೆಗೇ ಇತ್ತು.

"ಮಾರಿದ್ರ ಇದೆಲ್ಲಿಂದ ಬಂತ್ರೀ?"

"ಸಿಕ್ಕಿಬೀಳಬಾರ್ದಂತ ಆಮ್ಯಾಲ ತುಂಬಿರ್ತಾನ," ಎಂದ ಬಾಯಿಯವರ ಅಣ್ಣನ ಮಗ ಯಶವಂತ, ಥಟ್ಟನೆ. ನನಗೆ ಅವನ ಮೇಲೇ ಅನುಮಾನ ಬಂತು. ಶಫಿಗೂ ಅವನಿಗೂ ಆಗುತ್ತಿರಲಿಲ್ಲ. ಪ್ರತಿ ಭಾನುವಾರ ಕಾರು ಅವನ ಕೈಯಲ್ಲೇ ಇರುತ್ತಿತ್ತು.

"ದೀಪಾನೂ ಸುಳ್ಳು ಹೇಳಬಹುದು," ಎಂದು ಆಪಾ ದೀಪದ ಸ್ವಿಚ್ ಕಳಚಿ, ಅದೇ ತೂತಿಗೆ ಆಯಿಲ್ ಒತ್ತಡ ತೋರಿಸುವ ಮೀಟರ್ ಕೂಡಿಸಿದರು. ಎಂಜಿನ್ ಶುರುವಾದಾಗ ಮುಳ್ಳು ಚೆನ್ನಾಗಿಯೇ ಏರಿತು. ನಾಲ್ಕು ನಿಮಿಷಕ್ಕೆ ಇಳಿಯತೊಡಗಿತು.

"ಆಯಿಲ್ ಪಂಪ್ ಹೋಗ್ಯದ," ಎಂದೆ ನಾನು.

ಆಪಾ ಎಂಜಿನ್ ನಿಲ್ಲಿಸಿ ಚಹಾ ತರಿಸಿದರು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದರು. ಮುಳ್ಳು ಮತ್ತೆ ಏರಿತು, ಮತ್ತೆ ಇಳಿಯಿತು. ಅವರು ಕಾರಿನ ಕೆಳಗೆ ತೂರಿ ಬಹಳ ಹೊತ್ತು ನೋಡಿದರು. ಆಮೇಲೆ ವಿವೇಕಾನಂದನಿಗೆ ಫೋನ್ ಮಾಡಿದರು.

"ಸೋಮವಾರ ಏನೇನ್ ಕೆಲಸ ಮಾಡೀರಿ?"

"ಆಯಿಲ್, ಫಿಲ್ಟರ್. ಚೇಂಬರ್ ಅಂತೂ ಬಿಚ್ಚಿಲ್ರೀ."

ಚೇಂಬರ್ ಎಂದರೆ ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಪಾತ್ರೆ.

ಮರುದಿನ ಮುಂಜಾನೆ ವಿವೇಕಾನಂದನೂ ಸೇರಿ ಎಲ್ಲರೂ ಬಂದರು. ಆಪಾ ಎಲ್ಲರ ಎದುರಿಗೇ ಚೇಂಬರ್ ಇಳಿಸಿದರು. ಪಂಪಿಗೆ ಆಯಿಲ್ ಹೀರಿಕೊಡುವ ಜಾಳಿಗೆಗೆ, ಚೇಂಬರ್ ಸೋರದಂತೆ ಅಂಚಿಗೆ ಹಚ್ಚುವ ಪೇಸ್ಟಿನ ಬೂದು ಬಣ್ಣದ ಎಳೆಗಳು ಮುತ್ತಿಕೊಂಡಿದ್ದವು.

"ಪಂಪ್ ಕೆಟ್ಟಿದ್ರ ಮುಳ್ಳು ಮತ್ತ ಏರತಿರಲಿಲ್ಲ," ಎಂದರು ಆಪಾ. "ಎಂಜಿನ್ ನಡದಾಗ ಈ ಕಸ ಜಾಳಗಿಗೆ ಹತ್ತತದ, ನಿಂತಾಗ ಬಿಡತದ. ಕಂಪನಿ ಹಚ್ಚೂದು ಕರೀ ಪೇಸ್ಟ್. ಇದು ಬೂದು, ಹೊಸಾದು. ಬೋಲ್ಟ್ ಮ್ಯಾಲ ಪಾನಾ ಹಾಕಿ ತಿರುವಿದ ಗುರುತೂ ಹೊಸಾವು. ಯಶವಂತನ ಕೈಗೆ ಕಾರ್ ಸಿಗೂದು ಭಾನುವಾರ. ಸೋಮವಾರಕ್ಕೂ ಗುರುವಾರಕ್ಕೂ ನಡುವ ಭಾನುವಾರ ಎಲ್ಲಿ ಬಂತು? ಶಫಿ ಆಯಿಲ್ ಕದೀಬೇಕಂದ್ರ ಕೆಳಗಿನ ಒಂದ್ ಬೋಲ್ಟ್ ಬಿಚ್ಚಿದ್ರ ಸಾಕು. ಚೇಂಬರ್ ಯಾಕ ಇಳಸ್ತಾನ?" ಅವರು ವಿವೇಕಾನಂದನ ಕಡೆ ತಿರುಗಿದರು. "ಚೇಂಬರ್ ಮಾತು ನಾನು ಎತ್ತೇ ಇರಲಿಲ್ಲ. ನೀವಾಗೇ ಯಾಕ ಬಿಚ್ಚಿಲ್ಲಂದ್ರಿ?"

ವಿವೇಕಾನಂದ ಬೆವರು ಒರೆಸಿಕೊಂಡ. "ಜಾಕ್ ಜಾರಿ ಚೇಂಬರ್ ತಗ್ಗಾಗಿತ್ತ್ರೀ. ಇಳಿಸಿ ಬಡದು ಕೂಡಿಸಿದೆ. ಸೋರಬಾರ್ದಂತ ಪೇಸ್ಟ್ ಜಾಸ್ತಿ ಹಚ್ಚಿದೆ. ಹೆಸರು ಕೆಡತದಂತ ಶಫಿ ಮ್ಯಾಲ ಹಾಕಿದೆ."

ಲಲಿತಾಬಾಯಿ ಆಪಾ ಅವರ ಹತ್ತಿರ ಬಂದರು. "ಅಂವ ಮುಂದ ಒಯ್ದಿದ್ರ ನಾ ಮುಟ್ಟತಿದ್ನೇನು?"

"ಇಲ್ರೀ. ಎರಡ್ ಮೂರ್ ಕಿಲೋಮೀಟರಿಗೆ ಎಂಜಿನ್ ಜಾಮ್ ಆಗಿರ್ತಿತ್ತು. ಓಡೂ ಗಾಡಿ, ಬೆನ್ನಿಗೆ ಲಾರಿ. ನಿಮ್ಮ ಜೀವ ಉಳಿಸ್ಯಾನ ಅಂವ."

ಬಾಯಿಯವರು ಡ್ರೈವರಿನ ಕಡೆ ನೋಡಿದರು. "ನಾಳೆಯಿಂದ ಕೆಲಸಕ್ಕ ಬಾ, ಶಫಿ."

"ಕೆಲಸ ಇರ್ಲಿ ಬಾಯಾರ," ಎಂದ ಶಫಿ. "ಅಕ್ಕಾರ ಮಣ್ಣಿಗೂ ಬರಬ್ಯಾಡಂದ್ರಲ್ಲ. ಹನ್ನೊಂದ್ ವರ್ಷ ಕಮಲಾಪುರಕ್ಕ ಹೋದಾಗೆಲ್ಲ ಅವರ ಕೈಯಾಗಿನ ರೊಟ್ಟಿ ತಿಂದೇನ್ರೀ."

ಬಾಯಿಯವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆ ಮಧ್ಯಾಹ್ನವೇ ಆಪಾ ಅವರ ಗಾಡಿಯಲ್ಲಿ ಇಬ್ಬರನ್ನೂ ಕಮಲಾಪುರಕ್ಕೆ ಕರೆದೊಯ್ದೆ. ಹೊಲದ ಬದುವಿನಲ್ಲಿ ಅಕ್ಕನನ್ನು ಮಣ್ಣು ಮಾಡಿದ ಗುಡ್ಡೆ ಇನ್ನೂ ಹೊಸದಾಗಿತ್ತು. ಬಾಯಿಯವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಶಫಿ ಚಪ್ಪಲಿ ಕಳಚಿ, ಬಗ್ಗಿ, ಒಂದು ಹಿಡಿ ಮಣ್ಣು ಹಾಕಿದ.