ಗುಂಡಿ ತಿರುವುವ ಟಿವಿ

ದಸರಾ ಮುಗಿದ ಮರುವಾರ, ಬೆಳಗಿನ ಹನ್ನೊಂದರ ಬಿಸಿಲು. ಹುಬ್ಬಳ್ಳಿಯ ಖಾದರಬಾಷಾನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದೇ ಟಿವಿಯ ಮೇಲೆ ಇಬ್ಬರು ಕೈ ಇಟ್ಟರು.

ಒಂದು ಕೈ ಧಾರವಾಡದ ಕಾಲೇಜಿನಲ್ಲಿ ಪಾಠ ಹೇಳುವ ಸುಮೇಧಾಳದು. ಇನ್ನೊಂದು ಗಬ್ಬೂರಿನ ಹತ್ತಿ ವ್ಯಾಪಾರಿ ಬಸವಕಿರಣನದು.

“ಮೊದಲ ನೋಡಿದವಳು ನಾನು,” ಎಂದಳು ಅವಳು.

“ನೋಡಿದವ್ರು ನೀವು. ಎತ್ತಿದಾಂವ ನಾನು.”

“ಹಂಗಾರ ಇಳಸ್ರಿ.”

ಖಾದರಬಾಷಾ ಚಹಾದ ಬಟ್ಟಲು ಕೆಳಗಿಟ್ಟ. “ಇಷ್ಟ ದಿನಾ ಇದನ್ನ ಯಾರೂ ತಿರುಗಿ ನೋಡಿದ್ದಿಲ್ಲ. ಇವತ್ತ ಇದಕ್ಕ ಸ್ವಯಂವರ ಬಂತ ನೋಡ್ರಿ.”

ಬಸವಕಿರಣನಿಗೆ ನಗು ಬಂತು. ಸುಮೇಧಾಳಿಗೆ ಬರಲಿಲ್ಲ.

ಅವನ ತಾಯಿ ಸಂಗವ್ವನಿಗೆ ರಿಮೋಟ್ ಒಗ್ಗುವುದಿಲ್ಲ. ಶಬ್ದ ಏರಿಸಲು ಇಳಿಸಲು ಕೈಗೆ ಸಿಗುವ ಗುಂಡಿ ಬೇಕು. ಅದಕ್ಕೇ ಅವನು ಬಂದಿದ್ದ.

“ನಿಮಗ ಯಾಕ್ರೀ ಈ ಡಬ್ಬಿ?” ಎಂದು ಸುಮೇಧಾಳನ್ನು ಕೇಳಿದ.

ಹೇಳಬಾರದೆಂದುಕೊಂಡಿದ್ದಳು. ಆದರೂ ಹೇಳಿದಳು. “ನಮ್ಮ ಅಪ್ಪನ ಹತ್ರ ಒಂದು ಹಳೇ ಕಂಪ್ಯೂಟರ್ ಅದ. ಟಿವಿಗೆ ಹಚ್ಚಿದ್ರ ಮಾತ್ರ ನಡೀತದ. ಮೂರು ಹೊಸ ಟಿವಿಗೆ ಹಚ್ಚಿ ನೋಡಿದೆ, ಒಂದೂ ಅದರ ಗುರುತ ಹಿಡೀಲಿಲ್ಲ. ಮದಿವಿ ಆದ ಹೊಸದಾಗಿ ಅಪ್ಪ ಅದರಾಗ ಅವ್ವಗ ಒಂದು ಸೇವಂತಿಗಿ ಹೂ ಬರದಿದ್ರಂತ. ಈಗ ಅವ್ವ ಇಲ್ಲ. ಅಪ್ಪನ ಕಣ್ಣಿನ ನರಾ ಒಣಗಾಕತ್ತಾವ… ದೀಪಾವಳಿ ತನಕ ಕಂಡಷ್ಟ ಕಂಡಂಗ ಅಂದಾರ ಡಾಕ್ಟರು.”

ಬಸವಕಿರಣ ಟಿವಿಯನ್ನು ಮೆಲ್ಲಗೆ ಕೆಳಗಿಟ್ಟ. “ಒಂದ ಕೆಲಸ ಮಾಡೂಣ್ರಿ. ಟಿವಿ ನಮ್ಮ ಮನ್ಯಾಗ ಇರ್ಲಿ. ನೀವು ಕಂಪ್ಯೂಟರ್ ತಗೊಂಡ ಬರ್ರಿ. ಅದು ಹತ್ತಿದ ಮ್ಯಾಲೆ ಅಪ್ಪಾರನ್ನ ಕರಕೊಂಡ ಬರೂಣು.”

ಹೀಗೆ ಶುರುವಾಯಿತು. ಕಾಲೇಜು ಮುಗಿದ ಮೇಲೆ ಅವಳು ಕಂಪ್ಯೂಟರನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಗಬ್ಬೂರಿಗೆ ಬರುವಳು. ಇಬ್ಬರೂ ವೈರು ಬದಲಿಸುವರು, ಗುಂಡಿ ತಿರುವುವರು. ಪರದೆಯ ತುಂಬ ಬಿಳೀ ಚುಕ್ಕಿಗಳು, ಸರ್‌ರೆನ್ನುವ ಸದ್ದು, ಅಷ್ಟೇ.

“ಇದೇನವಾ, ರವಾ ಚೆಲ್ಲಿದಂಗ ಐತಿ,” ಎನ್ನುವಳು ಸಂಗವ್ವ. “ಉಪ್ಪಿಟ್ಟರ ಮಾಡ್ಲೇನು?”

ಸುಮೇಧಾ ನಕ್ಕಳು, ಆದರೆ ಕೈ ಬಿಡಲಿಲ್ಲ. ಅವಳು ಗುಂಡಿಯನ್ನು ಕೂದಲೆಳೆಯಷ್ಟು ತಿರುವುತ್ತಿದ್ದರೆ ಬಸವಕಿರಣ ಪರದೆ ಬಿಟ್ಟು ಅವಳ ಮುಖವನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಾಗದೆ ಇರಲಿಲ್ಲ. ‘ನೋಡಿದರೆ ನೋಡಲಿ… ಅಪ್ಪನ ಕೆಲಸ ಮೊದಲು.’

ಒಂದು ಸಂಜೆ ಅವಳ ದನಿ ಸೋತಿತು. “ಹತ್ತಿದ್ರೂ ಏನ ಉಪಯೋಗ? ಅಪ್ಪ ಹೊರಗ ಬರೋದ ಬಿಟ್ಟಾರ. ಗುರುತಿಲ್ಲದ ಮನ್ಯಾಗ ಎಡವಿ ಬೀಳ್ತೀನಿ ಅಂತಾರ.”

ಬಸವಕಿರಣ ವೈರನ್ನು ಸುತ್ತಿ ಪಕ್ಕಕ್ಕಿಟ್ಟ.

ಮುಂದಿನ ಸಲ ಅವಳು ರಜೆ ಹಾಕಿ ಬೆಳಿಗ್ಗೆಯೇ ಬಂದಾಗ ಟಿವಿ ಇದ್ದ ಜಾಗ ಬರಿದಾಗಿತ್ತು.

“ಯಾರಿಗೋ ಕೊಟ್ಟ ಬರ್ತೇನಿ ಅಂತ ಗಾಡ್ಯಾಗ ಹೇರಕೊಂಡ ಹೋದ ನೋಡವಾ,” ಎಂದಳು ಸಂಗವ್ವ.

ಸುಮೇಧಾ ಕಂಪ್ಯೂಟರಿನ ಗಂಟನ್ನು ಕೆಳಗಿಟ್ಟಳು. ಬೇಸರ ಬಂದಿರಬೇಕು ಇವನಿಗೆ. ಬಂದರೆ ಬರಲಿ, ಒಂದು ಮಾತು ಹೇಳಬಾರದಿತ್ತೇ? ಫೋನು ಹಚ್ಚಿದಳು.

“ಟಿವಿ ಯಾರಿಗೆ ಕೊಟ್ರಿ?”

“ಸಿಟ್ಟ ಬಂದೈತಿ ಅಂತ ಗೊತ್ತಾತ್ರಿ. ಮನಿಗೆ ಹೋಗ್ರಿ. ಬೈಯೂದ ಅಲ್ಲೇ ಬೈರಿ.”

ಬಸ್ಸಿನಲ್ಲಿ ಧಾರವಾಡ ಮುಟ್ಟುವ ತನಕ ಬೈಗುಳಗಳನ್ನು ಜೋಡಿಸಿದಳು. ಮನೆಯ ಬಾಗಿಲು ದಾಟಿದರೆ… ತಂದೆ ಯಜ್ಞೇಶ್ವರರ ಕುರ್ಚಿಯ ಎದುರಿಗೇ ಟಿವಿ ಕೂತಿತ್ತು. ಪಕ್ಕದಲ್ಲಿ ಬೆವರು ಒರೆಸಿಕೊಳ್ಳುತ್ತ ಬಸವಕಿರಣ.

“ಕೇಳಿದ್ರ ಬ್ಯಾಡ ಅಂತಿದ್ರಿ,” ಎಂದ. “ಅದಕ್ಕ ಕೇಳ್ಲಿಲ್ಲ.”

“ನಿಮ್ಮ ಅವ್ವಗ?”

“ಆಕಿಗೆ ಬ್ಯಾರೆ ಹುಡುಕಿದ್ರಾತು. ಅಪ್ಪಾರಿಗೆ ಬ್ಯಾರೆ ಕಣ್ಣ ಎಲ್ಲಿ ಹುಡಕೂದ್ರಿ?”

ಜೋಡಿಸಿಟ್ಟ ಬೈಗುಳಗಳನ್ನೆಲ್ಲ ಬಿಟ್ಟು ಅವಳು ಕಂಪ್ಯೂಟರಿಗೆ ಸುತ್ತಿದ ಸೀರೆ ಬಿಚ್ಚಿದಳು.

ವೈರು ಸಿಕ್ಕಿಸಿದರು. ಮತ್ತೆ ರವೆ. ಮಧ್ಯಾಹ್ನವಾದರೂ ರವೆಯೇ.

ಈ ಸಲ ಸುಮೇಧಾ ಏಳಲಿಲ್ಲ. ಟಿವಿಯನ್ನು ಬಿಟ್ಟು ಕಂಪ್ಯೂಟರನ್ನೇ ಬೋರಲು ಹಾಕಿ, ವೈರು ಸಿಕ್ಕಿಸುವ ತೂತಿಗೆ ಬ್ಯಾಟರಿ ಬೆಳಕು ಬಿಟ್ಟಳು. ಒಳಗೆ ಕೆಂಪಗೆ ಏನೋ ಗಟ್ಟಿಯಾಗಿತ್ತು.

“ಅಪ್ಪಾ, ಇದು ಕುಂಕುಮ ಅಲ್ಲೇನು?”

ಯಜ್ಞೇಶ್ವರರು ತಡವರಿಸಿದರು. “ದಸರಾದಾಗ ಖಂಡೇನವಮಿಗೆ ಇದನ್ನೂ ಪೂಜಾಕ್ಕ ಇಡ್ತಿದ್ಲು ನಿಮ್ಮ ಅವ್ವ. ಆಕಿ ಹೋದ ಮ್ಯಾಲೆ ನಾನೂ ಬಿಡ್ಲಿಲ್ಲ. ಕಣ್ಣ ಕಾಣಲಿಲ್ಲಂದ್ರ ಕುಂಕುಮ ಎಲ್ಲಿ ಬೀಳ್ತದೋ…”

“ಮಷೀನಿಗೆ ಪೂಜಾ ಹೆಚ್ಚಾಗೇತಿ ಬಿಡ್ರಿ,” ಎಂದ ಬಸವಕಿರಣ.

ಅವಳು ಸೂಜಿ ತಂದಳು. ವರ್ಷವರ್ಷವೂ ಅರಿಷಿಣದೊಂದಿಗೆ ಒದ್ದೆಯಾಗಿ ಒಣಗಿದ್ದ ಕುಂಕುಮವನ್ನು ಪುಡಿಪುಡಿಯಾಗಿ ಕೆದರಿ ತೆಗೆದಳು. ಬಿಸಿಲು ಹಿತ್ತಲಿಗೆ ಇಳಿಯಿತು. ವೈರು ಸಿಕ್ಕಿಸಿ ಗುಂಡಿ ತಿರುವಿದಳು.

ರವೆ ಸರಿಯಿತು. ತಿಳಿ ಬೆಳಕಿನ ಪರದೆ ನಿಂತಿತು.

ಯಜ್ಞೇಶ್ವರರು ಕೀಲಿಗಳ ಮೇಲೆ ಕೈ ಇಟ್ಟರು. ಹೂ ಬರೆಸುವ ಸಾಲುಗಳು ಬೆರಳುಗಳಿಗೆ ನೆನಪಿದ್ದವು. ತಪ್ಪಿದರು, ಅಳಿಸಿದರು, ಮತ್ತೆ ಒತ್ತಿದರು. ಕೊನೆಗೆ ಪರದೆಯ ನಡುವೆ ಒಂದು ಎಸಳು ಮೂಡಿತು. ಅದರ ಪಕ್ಕಕ್ಕೊಂದು. ನೋಡನೋಡುತ್ತ ತುಂಬು ಸೇವಂತಿಗೆ.

ಅವರು ಪರದೆಗೆ ಮೂಗು ತಾಗುವಷ್ಟು ಬಾಗಿದರು. “ಕಾಣ್ತದ, ಸುಮೀ… ನಿಮ್ಮ ಅವ್ವ ಅಂಬಾಬಾಯಿ ಇದನ್ನ ನೋಡಿ, ನೀರ ಹಾಕಬೇಕೇನ್ರಿ ಇದಕ್ಕ ಅಂತ ಕೇಳಿದ್ಲು.”

ಸುಮೇಧಾ ಪಡಸಾಲೆಗೆ ಬಂದು ಕಣ್ಣೊರೆಸಿಕೊಂಡಳು. ಹಿಂದೆಯೇ ಬಸವಕಿರಣ ಬಂದ.

“ಕೆಲಸ ಮುಗೀತು. ಇನ್ನ ನಿಮ್ಮನ್ನ ನೋಡಾಕ ನನಗ ನೆವಾ ಉಳೀಲಿಲ್ಲ,” ಎಂದ ತಲೆ ತಗ್ಗಿಸಿ.

“ನೆವಾ ಇಲ್ಲದನ ಬರ್ರಿ ಅಂದ್ರ ಏನ ಮಾಡ್ತೀರಿ?”

ಅವನು ತಲೆ ಎತ್ತಿದ. “ಖರೇ ಹೇಳ್ಲೇನ್ರಿ? ಅಂಗಡ್ಯಾಗ ‘ಇಳಸ್ರಿ’ ಅಂದ್ರಲ್ಲ, ಅವತ್ತ ನನ್ನ ಜೀವಾ ನಿಮ್ಮ ಮ್ಯಾಲೆ ಬಂತು. ಆದ್ರ ನಾವು ಲಿಂಗವಂತ್ರು, ನೀವು ಬ್ರಾಹ್ಮಣ್ರು. ಅವ್ವನ ಮುಂದ ಹೆಂಗ ಬಾಯಿ ತೆಗೀಲಿ?”

“ನೀವು ತೆಗೀಬ್ಯಾಡ್ರಿ. ನಾನ ಕೇಳ್ತೀನಿ. ನಿಮ್ಮ ಮಗನ್ನ ನನಗ ಕೊಡ್ರಿ ಅಂತ.”

“ಬೈದ್ರ?”

“ಬೈಸ್ಕೋತೀನಿ. ನಾಳೆ ಮತ್ತ ಹೋಗಿ ಕೇಳ್ತೀನಿ.”

ಒಳಗಿನಿಂದ ಯಜ್ಞೇಶ್ವರರ ದನಿ ಬಂತು. “ಹೊತ್ತ ಮುಳಗೂದ್ರಾಗ ಹೋಗಿ ಕೇಳ, ಸುಮೀ. ನಾ ಕೂತಿರ್ತೀನಿ ಇಲ್ಲೇ.”

ಬಸವಕಿರಣ ಗಾಡಿಯ ಬಾಗಿಲು ತೆಗೆದು ನಿಂತ. “ಅಂಜಿಕಿ ಇಲ್ಲೇನು ನಿಮಗ?”

“ಅದ. ಅದಕ್ಕ ಲಗೂ ನಡೀರಿ.”

ಸಂಗವ್ವನನ್ನು ಕೇಳಲು ಸುಮೇಧಾ ಅವನೊಡನೆ ಗಬ್ಬೂರಿಗೆ ಹೊರಟಳು.