ಹಿತ್ತಾಳೆ ಫಲಕದ ಹಿಂದಿನ ಹೆಸರು

"ಬೊರೆಲ್ಲೊ ಮನೆಯವರಾ? ಅವರು ಬರೀ ಕಮ್ಮಾರರು. ಈ ಅಚ್ಚುಯಂತ್ರದ ನಕ್ಷೆ ಕದ್ದವರು!"

ಕಾಸಾಲೆ ಊರಿನ ಸಂಗ್ರಹಾಲಯಕ್ಕೆ ಕಾಲಿಟ್ಟ ಮೊದಲ ದಿನವೇ ಕೊರಾದೊ ಹಾಗೆಂದುಬಿಟ್ಟ. ಹಳೆಯ ಕೈ ಅಚ್ಚುಯಂತ್ರಗಳ ಚರಿತ್ರೆ ಬರೆದು ಹೆಸರಾದ ವಿದ್ವಾಂಸ. ಅವನ ಮುಂದೆ ಎಣ್ಣೆ ಬಟ್ಟೆ ಹಿಡಿದು ನಿಂತಿದ್ದ, ಅಲ್ಲಿನ ಯಂತ್ರಗಳನ್ನು ನೋಡಿಕೊಳ್ಳುವ ನಿವೆಸ್‌ಗೆ ಮೈಯೆಲ್ಲ ಉರಿದುಹೋಯಿತು. ಅವಳು ಅದೇ ಬೊರೆಲ್ಲೊ ಮನೆಯ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ಅವಳು ಹೇಳಿಯೂ ಇರಲಿಲ್ಲ.

"ಹೌದಾ ಪ್ರೊಫೆಸರ್?" ಎಂದು ನಕ್ಕಳು. "ಮುಂದಿನ ವಾರ ಭಾನುವಾರದ ಉಪನ್ಯಾಸದಲ್ಲೂ ಹೀಗೇ ಜೋರಾಗಿ ಹೇಳಿ!"

'ಹೇಳು... ನೀನು ಹೇಳಿದಷ್ಟೂ ನನಗೇ ಒಳ್ಳೆಯದು!'

ತಮ್ಮ ಹಿರಿಯರೇ ಈ ಯಂತ್ರ ಮಾಡಿದ್ದೆಂದು ಅಪ್ಪ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ಬಂದಿದ್ದರು. ಮೂರು ವರ್ಷದ ಹಿಂದೆ ಕೊರಾದೊನ ಪುಸ್ತಕ ಬಂತು. ಯಂತ್ರದ ಹಿತ್ತಾಳೆ ಫಲಕದಲ್ಲಿ ತೊಸೆಲ್ಲಿ ಎಂಬ ಹೆಸರಿದೆ, ಮಾಡಿದವನು ಅವನೇ, ಬೊರೆಲ್ಲೊ ಮನೆಯವರು ಅವನ ನಕ್ಷೆ ಕದ್ದವರು ಎಂದು ಬರೆದಿದ್ದ. ಬಾರಿನಲ್ಲಿ ಇಸ್ಪೀಟಿನ ಗೆಳೆಯರು, "ಬಂದ್ನಪ್ಪ, ಕಳ್ಳರ ಮೊಮ್ಮಗ!" ಎಂದು ನಕ್ಕರು. ಅಂದಿನಿಂದ ಅಪ್ಪ ಮನೆ ಬಿಟ್ಟು ಹೊರಬೀಳುವುದನ್ನೇ ನಿಲ್ಲಿಸಿದ್ದರು.

ಹೋದ ತಿಂಗಳು ಬಣ್ಣ ಕೆರೆದು ಯಂತ್ರ ಶುಚಿ ಮಾಡುವಾಗ ನಿವೆಸ್ ಆ ಫಲಕ ಬಿಚ್ಚಿದ್ದಳು. ಅದರ ಹಿಂದೆ ಕಬ್ಬಿಣದಲ್ಲೇ ಎರಕವಾಗಿತ್ತು ಹೆಸರು: ಬೊರೆಲ್ಲೊ, 1831! ತೊಸೆಲ್ಲಿ ಬರೀ ತನ್ನ ಫಲಕ ಹಚ್ಚಿ ಮಾರಿದ ವ್ಯಾಪಾರಿ. ಅವಳು ಫಲಕವನ್ನು ಮತ್ತೆ ಬಿಗಿದು, ತುಟಿ ಪಿಟಕ್ಕೆನ್ನದೆ, ಯಂತ್ರ ನೋಡಿ ಉಪನ್ಯಾಸ ಕೊಡಲು ಸಂಗ್ರಹಾಲಯದ ಹೆಸರಿನಲ್ಲಿ ಕೊರಾದೊಗೆ ಆಹ್ವಾನ ಕಳಿಸಿದ್ದಳು.

ಹತ್ತು ದಿನ ಇಬ್ಬರೂ ಒಟ್ಟಿಗೆ ಕೆಲಸ ಮಾಡಿದರು. ಅವನು ದುರಹಂಕಾರಿಯಾಗಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಅವನು ಯಂತ್ರದಡಿ ಅಂಗಾತ ಮಲಗಿ, ಮೂಗಿಗೆಲ್ಲ ಮಸಿ ಮಾಡಿಕೊಂಡು, "ನಿವೆಸ್, ಇಲ್ನೋಡಿ, ಎಷ್ಟು ನಯವಾಗಿ ಉಜ್ಜಿದಾನೆ ಪುಣ್ಯಾತ್ಮ!" ಎಂದು ಕೂಗುತ್ತಿದ್ದ. ಮಧ್ಯಾಹ್ನ ತನ್ನ ಮೆಕ್ಕೆಜೋಳದ ಹಿಟ್ಟಿನ ಪೊಲೆಂತಾದ ಗರಿಗರಿ ಅಂಚನ್ನು ಅವಳ ತಟ್ಟೆಗೆ ದೂಡುತ್ತಿದ್ದ.

ಒಂದು ದಿನ ತಾನಾಗಿಯೇ ಹೇಳಿದ. "ಆ ಪುಸ್ತಕ ಬರೆಯೋವಾಗ ನಾನು ಇಲ್ಲಿಗೆ ಬಂದೇ ಇರ್ಲಿಲ್ಲ. ಫೋಟೊ ನೋಡಿ ಬರೆದುಬಿಟ್ಟೆ."

ನಿವೆಸ್‌ಳ ನಾಲಿಗೆಯ ತುದಿಗೆ ಸತ್ಯ ಬಂತು. ಹೇಳಿಬಿಡಲೇ...? ಕಿಟಕಿ ಮುಚ್ಚಿಕೊಂಡು ಕೂತ ಅಪ್ಪ ನೆನಪಾದರು. ಅವಳು ಬಟ್ಟೆ ಎತ್ತಿಕೊಂಡು ಆ ಫಲಕವನ್ನೇ ಉಜ್ಜತೊಡಗಿದಳು.

ಭಾನುವಾರ ಸಭೆ ತುಂಬಿತ್ತು. ತೊರಿನೊ ನಗರದಿಂದ ವಿದ್ವಾಂಸರು ಬಂದಿದ್ದರು. ಅವಳು ಕಾಡಿ ಬೇಡಿ ಕರೆತಂದಿದ್ದ ಅಪ್ಪ ಕೊನೆಯ ಸಾಲಿನಲ್ಲಿ ಕೂತಿದ್ದರು. ಕೊರಾದೊ ತೊಸೆಲ್ಲಿಯನ್ನು ಹೊಗಳಿ ಮುಗಿಸುತ್ತಿದ್ದಂತೆ ನಿವೆಸ್ ಎದ್ದಳು.

"ಪ್ರೊಫೆಸರ್, ಆ ಫಲಕ ಒಂದ್ಸಲ ಬಿಚ್ತೀರಾ?"

ಬಿಚ್ಚಿದ. ಓದಿದ. ಅವನ ಮುಖ ಬಿಳಿಚಿಕೊಂಡಿತು. ಯಾರೋ ಕಿಸಕ್ಕನೆ ನಕ್ಕರು.

"ಇದು ನಿಮಗೆ ಯಾವಾಗಿಂದ ಗೊತ್ತು?"

"ಒಂದು ತಿಂಗಳಿಂದ. ನಾನು ನಿವೆಸ್ ಬೊರೆಲ್ಲೊ."

"ಹತ್ತು ದಿನ ಸುಮ್ಮನೆ ನೋಡ್ತಾ ಇದ್ರಾ?"

"ನೀವು ನಮ್ಮಪ್ಪನ್ನ ಮೂರು ವರ್ಷ ಮನೇಲಿ ಕೂರಿಸಿದ್ರಲ್ಲ!" ಎಂದು ಕೊನೆಯ ಸಾಲಿನತ್ತ ಕೈ ತೋರಿಸಿದಳು.

ಈ ಗಳಿಗೆಗಾಗಿಯೇ ಅವಳು ಹಲ್ಲು ಕಚ್ಚಿ ಕಾದಿದ್ದಳು. ಈಗ ಅವನ ಮುಖ ನೋಡಲು ಆಗಲಿಲ್ಲ.

ಕೊರಾದೊ ಸಭೆಯತ್ತ ತಿರುಗಿದ. "ಈ ಯಂತ್ರ ಮಾಡಿದವರು ಬೊರೆಲ್ಲೊ. ಅವರನ್ನ ಕಳ್ಳರು ಅಂದವನು ನಾನು. ತಪ್ಪು ನನ್ನದು. ಯಜಮಾನ್ರೇ, ಕ್ಷಮಿಸಿ."

ಅಪ್ಪ ಊರುಗೋಲು ಕುಟ್ಟಿದರು. "ಇಲ್ಲಿ ಹೇಳಿದ್ರೆ ಏನು ಬಂತಯ್ಯಾ? ನನ್ನ ಆಡ್ಕೊಂಡೋರು ಬಾರಲ್ಲಿದಾರೆ. ನಡಿ, ಅಲ್ಲಿ ಹೇಳು!"

ಅವನು ಹೋದ. ಮೇಜಿನಿಂದ ಮೇಜಿಗೆ ಹೋಗಿ ತಲೆ ತಗ್ಗಿಸಿ ಹೇಳಿದ. ಐದನೆಯ ಮೇಜಿನ ಹತ್ತಿರ ಅಪ್ಪನೇ, "ಸಾಕು ಬಿಡಯ್ಯಾ" ಎಂದು ಕುರ್ಚಿ ಎಳೆದುಕೊಂಡು ಕೂತು, "ಇಸ್ಪೀಟೆಲೆ ಹಾಕ್ರೋ!" ಎಂದರು. ಬಾಗಿಲಾಚೆ ನಿಂತಿದ್ದ ನಿವೆಸ್ ಬಿಕ್ಕಿಬಿಕ್ಕಿ ಅತ್ತಳು.

ಕೊರಾದೊ ಹೊರಗೆ ಬಂದ. "ಸೇಡು ತೀರ್ತಾ?"

"ತೀರ್ತು."

"ನನಗೆ ನಿಮ್ಮ ಮೇಲೆ ತುಂಬಾ ಕೋಪ ಇದೆ."

"ಇರ್ಲಿ."

"ಒಂದೇ ಒಂದು ಹೇಳಿ. ಆ ಹತ್ತು ದಿನದ ನಗು, ಮಾತು... ಎಲ್ಲಾ ಸುಳ್ಳಾ?"

"ಮೊದಲ ಮೂರು ದಿನ ಸುಳ್ಳು."

"ಆಮೇಲೆ?"

"ಆಮೇಲೆ... ಸಿಟ್ಟು ಇಳೀಬಾರ್ದು ಅಂತ ದಿನಾ ಬೆಳಗ್ಗೆ ನಿಮ್ಮ ಪುಸ್ತಕದ ಅದೇ ಪುಟ ಓದ್ಕೊಂಡು ಬರ್ತಿದ್ದೆ."

ಅವನು ಮೆಲ್ಲನೆ ಅವಳ ಕೈ ಹಿಡಿದ. "ಇವತ್ತೂ ಓದಿದ್ಯಾ?"

"ಎರಡು ಸಲ ಓದ್ದೆ ಕೊರಾದೊ... ಆದ್ರೂ ಪ್ರೀತಿ ಹೋಗ್ಲಿಲ್ಲ."