ಬೆರಳಿಗೆ ಗೊತ್ತಾಗಬೇಕಾದದ್ದು

ಕನ್ನಡಕದಂಗಡಿಯವರು ಮೊದಲ ಸಲ ನನ್ನ ಕಣ್ಣೊಳಗೆ ಇಣುಕಿ ನೋಡಿದಾಗ ನನಗೆ ಸಿಟ್ಟು ಬರಬೇಕಿತ್ತು, ಇಲ್ಲವೇ ನಾಚಿಕೆಯಾಗಬೇಕಿತ್ತು. ಎರಡೂ ಆಗಲಿಲ್ಲ.

"ಏನ್ ನೋಡ್ತಿದೀರಿ?" ಎಂದೆ.

"ಕ್ಷಮಿಸಿ, ಅಭ್ಯಾಸಬಲ. ಎದುರಿಗೆ ಯಾರು ನಿಂತ್ರೂ ಎರಡು ಕಣ್ಣಿನ ನಡುವೆ ಎಷ್ಟು ಮಿಲಿಮೀಟರ್ ಅಂತ ಅಂದಾಜು ಹಾಕ್ಬಿಡ್ತೀನಿ. ನಿಮ್ದು ಅರವತ್ತೆರಡು."

"ಗಾಡಿಗೆ ಏನಾಗಿದೆ, ಅದನ್ನ ಹೇಳಿ."

ಹೇಳುವ ಅಗತ್ಯವೇನೂ ಇರಲಿಲ್ಲ. ಅರವತ್ತು ವರ್ಷ ಹಳೆಯ ಒಂಟಿ ಸಿಲಿಂಡರಿನ ಆ ಮೋಟಾರ್ ಸೈಕಲ್ಲನ್ನು ಅವರು ಎರಡು ಕಿಲೋಮೀಟರ್ ತಳ್ಳಿಕೊಂಡು ಬಂದಿದ್ದರು. ಅಂಗಿ ಬೆನ್ನಿಗೆ ಅಂಟಿತ್ತು. ನಾನು ಕಿಕ್ ಒತ್ತಿ ನೋಡಿದೆ. ಆರೋಗ್ಯವಾಗಿರುವ ಎಂಜಿನ್ ಕಾಲಿಗೆ ಎದುರೊತ್ತುತ್ತದೆ. ಇದು ಹಳೆಯ ದಿಂಬಿನ ಹಾಗೆ ಮೆತ್ತಗೆ ಕೆಳಗಿಳಿಯಿತು. ವಾಲ್ವ್ ಸುಟ್ಟಿದೆ ಎಂದು ನನಗೆ ಆಗಲೇ ಗೊತ್ತಾಯಿತು. ಸುಟ್ಟದ್ದು ಯಾರು ಎಂಬುದೂ ಗೊತ್ತಾಯಿತು.

ಎರಡು ತಿಂಗಳ ಹಿಂದೆ ಅವರು ಈ ಗಾಡಿಯನ್ನು ಸರ್ವಿಸಿಗೆ ಬಿಟ್ಟುಹೋದಾಗ ಬೀಗದ ಕೈ ಇಸಿದುಕೊಂಡದ್ದು ಚಿಕ್ಕಮ್ಮ. ನಾನು ಅವರ ಮುಖ ನೋಡಿರಲಿಲ್ಲ, ಗಾಡಿಯನ್ನಷ್ಟೇ ನೋಡಿದ್ದೆ. ಈ ಎಂಜಿನ್ನಿನಲ್ಲಿ ವಾಲ್ವನ್ನು ಎತ್ತಿ ಇಳಿಸಲು ಪೆನ್ಸಿಲ್ ದಪ್ಪದ ಎರಡು ಪುಶ್‌ರಾಡುಗಳಿವೆ. ಅವುಗಳ ಬಿಗಿಯನ್ನು ಗೇಜಿನಿಂದ ಅಳೆಯುವುದಿಲ್ಲ, ಬೆರಳಿನಿಂದ ಅಳೆಯುತ್ತಾರೆ. ಎಂಜಿನ್ ತಣ್ಣಗಿದ್ದಾಗ ರಾಡು ಬೆರಳ ತುದಿಯಲ್ಲಿ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಕೂದಲೆಳೆಯಷ್ಟೂ ಆಡಬಾರದು. ಬಿಗಿಯಾಗಿ ಬಿಟ್ಟರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಬೆಂಕಿ ಅದರ ಅಂಚನ್ನೇ ತಿನ್ನುತ್ತದೆ. ನಾನು ಬಿಗಿಯಾಗಿ ಬಿಟ್ಟಿದ್ದೆ.

ಏಕೆಂದರೆ ನನ್ನ ಎರಡೂ ಕೈಯ ಮೂರು ಮೂರು ಬೆರಳುಗಳಿಗೆ ವರ್ಷದಿಂದ ಏನೂ ಗೊತ್ತಾಗುತ್ತಿರಲಿಲ್ಲ. ಹದಿನೆಂಟು ವರ್ಷ ಗ್ರೈಂಡರ್ ಹಿಡಿದ ನಡುಕ ನರಗಳನ್ನು ಕೊಂದಿದೆ ಎಂದರು ಡಾಕ್ಟರು. ವಾಪಸ್ ಬರುವುದು ಕಷ್ಟವಂತೆ. "ಬೇಜಾರಾಗ್ತಿದೆಯಾ?" ಎಂದೂ ಕೇಳಿದ್ದರು. ನಾನು ಒಳಗೆಲ್ಲ ಹುಡುಕಿದೆ. ಬೆರಳಿಗೆ ಹಿಡಿದ ಜೋಮು ಎದೆಗೂ ಏರಿತ್ತೋ ಏನೋ, ಏನೂ ಸಿಗಲಿಲ್ಲ.

ಯಾರಿಗೂ ಹೇಳಲಿಲ್ಲ. ನಾಲಿಗೆ ಸತ್ತ ಅಡುಗೆಯವನ ಕೈಯಲ್ಲಿ ಯಾರು ಉಣ್ಣುತ್ತಾರೆ? ಈ ಕೆಲಸ ಬಿಟ್ಟರೆ ನನಗೆ ಬೇರೆ ಬದುಕಿರಲಿಲ್ಲ.

"ಪೆಟ್ರೋಲ್ ಸರಿಯಿಲ್ಲ," ಎಂದೆ. ಮಾತು ತಾನಾಗಿ ಬಂತು. "ಎಲ್ಲಿ ಹಾಕಿಸ್ತೀರಿ?"

"ಸೇತುವೆ ಹತ್ರದ ಬಂಕಲ್ಲಿ."

"ಹಾಗಿದ್ರೆ ಅದೇ. ಎಂಜಿನ್ ಮೇಲ್ಭಾಗ ಪೂರ್ತಿ ಬಿಚ್ಚಬೇಕು."

"ಬಿಚ್ಚೋವಾಗ ನಾನು ನೋಡ್ಬಹುದಾ? ನನ್ನ ಅಂಗಡಿ ಹತ್ತಕ್ಕೆ ತೆಗೆಯೋದು. ಎಂಟಕ್ಕೆ ಬಂದು ಒಂದು ಮೂಲೇಲಿ ಕೂತಿರ್ತೀನಿ, ತುಟಿ ಪಿಟಕ್ ಅನ್ನಲ್ಲ."

ಮರುದಿನ ಎಂಟಕ್ಕೆ ಐದು ನಿಮಿಷ ಮೊದಲೇ ಬಂದರು. ಮರದ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಕೂತು, ಒಂದೂವರೆ ಗಂಟೆ ಒಂದೇ ಸಮನೆ ಮಾತಾಡಿದರು.

ಟ್ಯಾಂಕ್ ಇಳಿಸಿದೆ. ಕಾರ್ಬುರೇಟರ್, ಸೈಲೆನ್ಸರ್ ಪೈಪು ಬಿಚ್ಚಿದೆ. ಸಿಲಿಂಡರಿನ ಮುಚ್ಚಳದಂತಿರುವ ಹೆಡ್ಡಿನ ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಹೆಡ್ ಕೈಗೆ ಬಂತು. ಹೊಗೆ ಹೊರಹೋಗುವ ಕಡೆಯ ವಾಲ್ವನ್ನು ತೆಗೆದು ಅವರ ಅಂಗೈಗಿಟ್ಟೆ. ಅಂಚಿನಲ್ಲಿ ಇಲಿ ಕಡಿದ ಬಿಸ್ಕತ್ತಿನಂತೆ ಒಂದು ಚೂರು ಹೋಗಿತ್ತು.

ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. "ಅಯ್ಯೋ ಪಾಪ," ಎಂದರು ವಾಲ್ವಿಗೆ. ಆಮೇಲೆ ನನಗೆ ಹೇಳಿದರು: "ನಿನ್ನೆ ಆ ಬಂಕಿನವನ ಹತ್ರ ಹೋಗಿ ಜಗಳ ಆಡ್ದೆ. ನಾಲ್ಕು ಜನರ ಮುಂದೆ ಕಳ್ಳ ಅಂದೆ. ಜೀವಮಾನದಲ್ಲಿ ಯಾರಿಗೂ ಹಾಗಂದಿರ್ಲಿಲ್ಲ. ನೀವೇ ಹೇಳಿದ್ರಲ್ಲ ಅಂತ ಧೈರ್ಯ ಬಂತು."

ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ಹೌದಾ," ಎಂದು ಸ್ಪ್ಯಾನರ್ ಒರೆಸಿದೆ.

ಹೊಸ ವಾಲ್ವ್ ಬರಲು ವಾರ ಹಿಡಿಯಿತು. ಆ ವಾರವೂ ಅವರು ಬಂದರು. ನೋಡಲು ಏನೂ ಇರಲಿಲ್ಲ, ಆದರೂ ಬಂದರು. ಚಿಕ್ಕಪ್ಪ ತೀರಿಕೊಂಡ ಮೇಲೆ ಈ ಶೆಡ್ಡಿನ ಬಾಗಿಲಲ್ಲಿ ಚಿಕ್ಕಪ್ಪನದೇ ಕುರ್ಚಿ ಹಾಕಿಕೊಂಡು ಸ್ವೆಟರ್ ಹೆಣೆಯುವುದು ಚಿಕ್ಕಮ್ಮನ ದಿನಚರಿ. ನನ್ನನ್ನು ಸಾಕಿದವರೂ ಅವರೇ, ನನ್ನ ಮೇಲೆ ಕಣ್ಣಿಡುವವರೂ ಅವರೇ.

"ಅವ್ರ ಅಂಗಡಿಗೆ ಗಿರಾಕಿಗಳೇ ಇಲ್ವೇನೆ?" ಎಂದು ಸೂಜಿ ನಿಲ್ಲಿಸದೆ ಕೇಳಿದರು.

"ನನಗೇನು ಗೊತ್ತು?"

"ನಿನ್ನೆ ಅವ್ರು ಬರ್ಲಿಲ್ಲ. ನೀನು ಬಾಗಿಲ ಕಡೆ ಹನ್ನೊಂದು ಸಲ ನೋಡಿದೆ."

ನನಗೆ ಹಾಗೆ ನೋಡಿದ ನೆನಪಿರಲಿಲ್ಲ.

ವಾಲ್ವ್ ಬಂದ ದಿನ ಅದನ್ನು ಹೆಡ್ಡಿನೊಳಗೆ ಅದು ಕೂರುವ ಸೀಟಿಗೆ ಅರೆಯುವ ಕೆಲಸ. ಅಂಚಿಗೆ ಮರಳಿನಂತೆ ಒರಟಾದ ಪೇಸ್ಟ್ ಹಚ್ಚಿ, ರಬ್ಬರ್ ಬಟ್ಟಲಿನ ಕೋಲು ಅಂಟಿಸಿ, ಚಳಿಗೆ ಅಂಗೈ ಉಜ್ಜಿಕೊಂಡ ಹಾಗೆ ಕೋಲನ್ನು ಹಿಂದೆ ಮುಂದೆ ತಿರುಗಿಸಬೇಕು.

"ಇದನ್ನ ನಾನು ಮಾಡ್ಲಾ?" ಎಂದರು. "ಲೆನ್ಸ್ ಅರೆದು ಅರೆದು ಕೈ ಪಳಗಿದೆ."

ಪಳಗಿತ್ತು. ಹತ್ತು ನಿಮಿಷದಲ್ಲಿ ವಾಲ್ವಿನ ಸುತ್ತ ಬೂದು ಬಣ್ಣದ ಒಂದೇ ಸಮನಾದ ಉಂಗುರ ಮೂಡಿತು. ಸೀಮೆಎಣ್ಣೆ ಹೊಯ್ದು ನೋಡಿದೆವು. ಒಂದು ತೊಟ್ಟೂ ಸೋರಲಿಲ್ಲ. ತಲೆ ಬಗ್ಗಿಸಿಕೊಂಡಿದ್ದವರು ಕನ್ನಡಕದ ಮೇಲಿನಿಂದ ನನ್ನತ್ತ ನೋಡಿದರು. ಶಹಬಾಸ್‌ಗಿರಿ ಬೇಕು ಎನ್ನುವ ನೋಟ. ನಾನೂ ನೋಡುತ್ತಿದ್ದೇನೆಂದು ತಿಳಿದ ಕೂಡಲೇ ಆ ನೋಟ ಸೀಮೆಎಣ್ಣೆಗೆ ಇಳಿಯಿತು, ಕಿವಿಗಳು ಮಾತ್ರ ಕೆಂಪಾಗಿಯೇ ಉಳಿದವು.

"ಮದುವೆ ಆಗಿಲ್ವಾ?" ಚಿಕ್ಕಮ್ಮ ಬಾಗಿಲಿಂದಲೇ ಕೇಳಿಬಿಟ್ಟರು.

"ಇಲ್ಲಮ್ಮ. ನನ್ನ ಕೆಲಸವೇ ಅಂಥದ್ದು. ಕನ್ನಡಕ ಕೊಡೋವರೆಗೂ ಎಲ್ರೂ ಚೆನ್ನಾಗೇ ಮಾತಾಡ್ತಾರೆ. ಹಾಕ್ಕೊಂಡ ಮೇಲೆ ನನ್ನ ಮುಖ ಸರಿಯಾಗಿ ಕಾಣ್ಸುತ್ತೆ, ಎದ್ದು ಹೋಗ್ಬಿಡ್ತಾರೆ."

ಚಿಕ್ಕಮ್ಮ ಹೆಣಿಗೆ ಕೆಳಗಿಟ್ಟು ನಕ್ಕರು. ನಗು ಬರಬೇಕಾದ ಜಾಗ ಇದು ಎಂದು ನನಗೂ ಗೊತ್ತಾಯಿತು. ತುಟಿಗಳನ್ನು ಹಾಗೆ ಮಾಡಿದೆ.

ಪಿಸ್ಟನ್ನನ್ನೂ ಹೊರತೆಗೆದು ಹೊಸ ರಿಂಗ್ ತೊಡಿಸಿದ್ದೆ; ಅದನ್ನು ಕೂರಿಸುವ ದಿನ ಬಂತು. ಪಿಸ್ಟನ್ನಿನ ಪಿನ್ನು ಜಾರದಂತೆ ಎರಡೂ ಬದಿ ಒಂದೊಂದು ಪುಟ್ಟ ತಂತಿಯ ಬಳೆ ಸಿಕ್ಕಿಸಬೇಕು. ಒಳಗೆ ಬಿದ್ದರೆ ಫಜೀತಿ ಎಂದು ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕಿದ್ದೆ. ಆ ಬಳೆ ನನ್ನ ಬೆರಳಿಂದ ಮೂರು ಸಲ ಬಿತ್ತು. ಬಿದ್ದದ್ದು ನನಗೆ ತಿಳಿದದ್ದು ಬಟ್ಟೆಯ ಮೇಲೆ ಕಂಡಾಗಲೇ.

"ನೀವು ಏನನ್ನೇ ಹಿಡಿಯೋ ಮೊದ್ಲೂ ನೋಡ್ತೀರಿ," ಎಂದರು ಅವರು ನಿಧಾನವಾಗಿ. "ಹಿಡಿದ ಮೇಲೂ ನೋಡ್ತೀರಿ."

"ಕೆಲಸ ಅಂದ್ಮೇಲೆ ಗಮನ ಬೇಡ್ವಾ?"

"ಬೇಕು ಬೇಕು." ಅವರು ಮತ್ತೆ ಕೆದಕಲಿಲ್ಲ. ಬಿದ್ದ ಬಳೆಯನ್ನು ಎತ್ತಿಕೊಟ್ಟರು. "ಭಾನುವಾರ ಅಕ್ಕನ ಮನೆಗೆ ಹೊರಟಿದೀನಿ. ಬೆಟ್ಟದ ದಾರಿ, ನೂರೆಂಬತ್ತು ಕಿಲೋಮೀಟರ್. ಹೊಸ ರಿಂಗ್ ಹಾಕಿದ್ಮೇಲೆ ನಿಧಾನಕ್ಕೆ ಓಡಿಸಿ ಪಳಗಿಸ್ಬೇಕು ಅಂದ್ರಲ್ಲ. ಹಿಂದಿನ ಸೀಟು ಖಾಲಿ ಇರುತ್ತೆ. ಎಂಜಿನ್ ಸದ್ದು ಕೇಳೋಕೆ ಒಬ್ರು ಮೆಕ್ಯಾನಿಕ್ ಜೊತೇಲಿದ್ರೆ ಒಳ್ಳೇದಲ್ವಾ? ಅಷ್ಟೆ."

"ಅಷ್ಟೇನಾ?" ಎಂದರು ಚಿಕ್ಕಮ್ಮ.

"ಅಷ್ಟೇ ಅಲ್ಲ," ಎಂದರು ಅವರು, ನನ್ನನ್ನೇ ನೋಡುತ್ತಾ. ಈ ಸಲ ನೋಟ ಎಲ್ಲಿಗೂ ಇಳಿಯಲಿಲ್ಲ.

ನೋಡೋಣ ಎಂದೆ. ಮನುಷ್ಯ ಇಷ್ಟು ತೆರೆದ ಮುಖ ಇಟ್ಟುಕೊಂಡು ತಿರುಗಬಾರದು ಎಂದು ಮಾತ್ರ ಅನ್ನಿಸಿತು.

ಶುಕ್ರವಾರ ಬೆಳಿಗ್ಗೆ ಉಳಿದಿದ್ದದ್ದು ಪುಶ್‌ರಾಡುಗಳ ಕೆಲಸ. ರಾತ್ರಿಯಿಡೀ ಮಲಗಿದ್ದ ಎಂಜಿನ್ ಕಲ್ಲಿನಂತೆ ತಣ್ಣಗಿತ್ತು. ನಾನು ರಾಡು ಹಿಡಿದು ತಿರುಗಿಸಿದೆ. ತಿರುಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು. ಸಲೀಸಾಗಿಯೋ ಬಿಗಿಯಾಗಿಯೋ ಎಂಬುದನ್ನು ಕಣ್ಣು ಹೇಳುವುದಿಲ್ಲ. ಕಳೆದ ಸಲವೂ ಇಲ್ಲೇ ನಿಂತು, ಇಷ್ಟು ಸಾಕು ಎಂದುಕೊಂಡಿದ್ದೆ.

ಈ ಸಲವೂ ಅಂದುಕೊಳ್ಳಬಹುದಿತ್ತು. ಭಾನುವಾರ ಬೆಟ್ಟದ ನಡುದಾರಿಯಲ್ಲಿ ವಾಲ್ವ್ ಮತ್ತೆ ಸುಟ್ಟು, ಇವರು ಮತ್ತೆ ತಳ್ಳುತ್ತಾ, ಮತ್ತೆ ಇನ್ನಾವುದೋ ಬಂಕಿನವನನ್ನು ಬೈಯುತ್ತಾ. ನಾನು ಸ್ಪ್ಯಾನರ್ ಕೆಳಗಿಟ್ಟೆ.

"ಪೆಟ್ರೋಲ್ ಸರಿಯಾಗೇ ಇತ್ತು," ಎಂದೆ.

"ಏನಂದ್ರಿ?"

"ನಿಮ್ಮ ವಾಲ್ವ್ ಸುಟ್ಟದ್ದು ನಾನು. ಈ ರಾಡು ಬಿಗಿ ಬಿಟ್ಟಿದ್ದೆ. ನನ್ನ ಬೆರಳಿಗೆ ಏನೂ ಗೊತ್ತಾಗಲ್ಲ. ವರ್ಷ ಆಯ್ತು. ನೀವು ತಳ್ಳಿಕೊಂಡು ಬಂದ ದಿನವೇ ನನಗೆ ಗೊತ್ತಿತ್ತು. ಬೇಕಂತಲೇ ಸುಳ್ಳು ಹೇಳ್ದೆ."

ಬಾಗಿಲಲ್ಲಿ ಸೂಜಿಗಳ ಸದ್ದು ನಿಂತಿತು. ಅವರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿದರು, ಮತ್ತೆ ಒರೆಸಿದರು. ನಾಚಿದಾಗ ಕಿವಿಯಲ್ಲಿ ಮೂಡುತ್ತಿದ್ದ ಕೆಂಪು ಈಗ ಮುಖವೆಲ್ಲ ಹರಡಿತ್ತು.

"ಆ ಮನುಷ್ಯನ್ನ ನಾನು ನಾಲ್ಕು ಜನರ ಮುಂದೆ ಕಳ್ಳ ಅಂದೆ," ಎಂದರು. "ನೀವು ಹೇಳಿದ್ರಿ ಅಂತ. ಅದನ್ನ ನಿಮಗೆ ಬಂದು ಹೇಳ್ದಾಗ್ಲೂ ಸುಮ್ನಿದ್ರಿ."

"ಹೌದು."

"ಗಾಡಿ ಹೋದ್ರೆ ಹೋಗ್ಲಿ, ಅದು ಲೋಹ. ನಾನು ಎರಡು ವಾರ ಇಲ್ಲಿ ಕೂತು..." ಅವರು ಎದ್ದು ನಿಂತರು. ಪೆಟ್ಟಿಗೆಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟು, ಎಂಟೂಕಾಲಿಗೇ ಹೊರಟುಹೋದರು.

ಚಿಕ್ಕಮ್ಮ ಎದ್ದು ಬಂದು ನನ್ನ ಎರಡೂ ಕೈಯನ್ನು ಹಿಡಿದುಕೊಂಡರು. "ಅದಕ್ಕೇ ಕುದಿಯೋ ಚಹಾದ ಲೋಟ ಹಾಗೇ ಹಿಡ್ಕೋತಿದ್ದೆ. ನಾನು ನಿನ್ನನ್ನ ಗಟ್ಟಿಗಿತ್ತಿ ಅಂದ್ಕೊಂಡಿದ್ದೆ ಕಣೆ."

ಅವರು ಅತ್ತರು. ನನಗೆ ಅಳು ಬರಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ಮಾತ್ರ ಎದೆಯ ಕೆಳಗೆ ಏನೋ ಹಿಂಡಿದಂತಾಗಿ ತಟ್ಟೆ ಸರಿಸಿದೆ. ಅದು ಹಸಿವಲ್ಲ, ಆಯಾಸವಲ್ಲ, ನೋವು ಎಂದು ಗುರುತು ಹಿಡಿಯಲು ಸಂಜೆಯಾಯಿತು. ಆ ಮನುಷ್ಯ ನಾಳೆ ಬರುವುದಿಲ್ಲ ಎಂಬ ನೋವು.

ಶನಿವಾರ ಎಂಟು ಗಂಟೆಯಾಯಿತು. ಎಂಟೂಕಾಲು. ಎಂಟೂವರೆಗೆ ಅವರು ಬಂದರು, ನನ್ನನ್ನು ನೋಡದೆ ನಲ್ಲಿಯ ಕಡೆ ಹೋಗಿ ಮೊಣಕೈವರೆಗೆ ಕೈ ತೊಳೆದರು.

"ಬಂಕಿಗೆ ಹೋಗಿದ್ದೆ," ಎಂದರು. "ಕ್ಷಮೆ ಕೇಳ್ದೆ. ಅವನು ಕೂರಿಸಿ ಅರ್ಧ ಗಂಟೆ ಉಗಿದ. ನ್ಯಾಯವಾಗಿ ಅದರಲ್ಲಿ ಮುಕ್ಕಾಲು ಪಾಲು ನಿಮಗೆ ಸೇರ್ಬೇಕು."

"ಹೋಗಿ ಕೇಳಿಸ್ಕೊಂಡು ಬರ್ತೀನಿ."

"ಬರ್ಲೇಬೇಕು, ನಿಮ್ಮ ಹೆಸರು ಹೇಳಿದೀನಿ. ಸಿಟ್ಟು ಇನ್ನೂ ಇದೆ ನನಗೆ. ಪೂರ್ತಿ ಇಳಿದಿಲ್ಲ." ಕೈ ಒರೆಸಿಕೊಂಡು ಎಂಜಿನ್ನಿನ ಮುಂದೆ ಮಂಡಿಯೂರಿದರು. "ಸತ್ಯ ಹೇಳೋಕೆ ನಿಮಗೆ ಎಷ್ಟು ಕಷ್ಟ ಆಯ್ತು ಅಂತ ನಿನ್ನೆಯೆಲ್ಲ ಯೋಚನೆ ಮಾಡ್ದೆ. ಈಗ ನಾನೇನು ಮಾಡ್ಬೇಕು, ಹೇಳಿಕೊಡಿ."

ರಾಡನ್ನು ಅವರ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಇಟ್ಟೆ. ನಾನು ಕೆಳಗೆ ಎರಡು ಸ್ಪ್ಯಾನರ್ ಹಿಡಿದೆ.

"ಈಗ ಹೇಗಿದೆ?"

"ತಿರುಗ್ತಿದೆ. ಆದ್ರೆ ಮೇಲೆ ಕೆಳಗೆ ಆಡ್ತಿದೆ."

ಒಂದು ಎಳೆ ಬಿಗಿದೆ. "ಈಗ?"

"ಬಿಗಿ ಆಯ್ತು. ಯಾಕೋ ತಡೀತಿದೆ."

ಅರ್ಧ ಎಳೆ ಬಿಟ್ಟೆ. "ಈಗ?"

ಅವರು ಕಣ್ಣು ಮುಚ್ಚಿ ತಿರುಗಿಸಿದರು. ನಮ್ಮ ತಲೆಗಳ ನಡುವೆ ಒಂದು ಗೇಣೂ ಜಾಗ ಇರಲಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಒಂದು ಸಣ್ಣ ಮಚ್ಚೆ ಇತ್ತು, ಇಷ್ಟು ದಿನ ಕನ್ನಡಕದ ಹಿಂದೆ ಕಂಡಿರಲಿಲ್ಲ.

"ಈಗ ಸರಿಯಾಗಿದೆ," ಎಂದು ಪಿಸುಗುಟ್ಟಿದರು. "ಓಹೋ, ಇದಾ ಅದು?"

"ಅದೇ."

ಎರಡನೆಯದನ್ನೂ ಹಾಗೆಯೇ ಮುಗಿಸಿದೆವು. ಮುಚ್ಚಳ ಹಾಕಿ ಕಿಕ್ ಒತ್ತಿದೆ. ಎಂಜಿನ್ ಕಾಲಿಗೆ ಗಟ್ಟಿಯಾಗಿ ಎದುರೊತ್ತಿತು, ಮೂರನೆಯ ಕಿಕ್ಕಿಗೆ ಹತ್ತಿಕೊಂಡು ನಿಧಾನವಾಗಿ, ಸಮನಾಗಿ ಬಡಿಯತೊಡಗಿತು. ಚಿಕ್ಕಮ್ಮ ಕುರ್ಚಿಯಿಂದಲೇ ಘೋಷಿಸಿದರು: "ಇನ್ಮೇಲೆ ಈ ಶೆಡ್ಡಲ್ಲಿ ರಾಡಿನ ಕೆಲಸ ಬೆಳಿಗ್ಗೆ ಎಂಟರಿಂದ ಒಂಬತ್ತೂವರೆವರೆಗೆ ಮಾತ್ರ. ಬಂದೋರಿಗೆಲ್ಲ ನಾನೇ ಕಾರಣ ಹೇಳ್ತೀನಿ. ಏನಪ್ಪಾ, ನಿನಗೆ ಒಪ್ಪಿಗೆನಾ?"

"ಎಷ್ಟು ವರ್ಷಕ್ಕಮ್ಮ?" ಎಂದರು ಅವರು.

"ಅದನ್ನ ಅವಳನ್ನ ಕೇಳು," ಎಂದು ಚಿಕ್ಕಮ್ಮ ಚಹಾದ ನೆಪ ಹೇಳಿ ಒಳಗೆ ಹೋದರು.

ಅವರು ಎಂಜಿನ್ ಆರಿಸಿದರು. ಕೇಳದೆಯೇ ನನ್ನ ಬಲಗೈ ಹಿಡಿದು ಅಂಗಾತ ಮಾಡಿದರು, ತೋರುಬೆರಳ ತುದಿ ಒತ್ತಿದರು.

"ಇಲ್ಲಿ ಗೊತ್ತಾಗುತ್ತಾ?"

"ಇಲ್ಲ."

ಮಧ್ಯದ ಗೆಣ್ಣು. "ಇಲ್ಲಿ?"

"ಇಲ್ಲ."

ಬೆರಳಿನ ಬುಡ. "ಇಲ್ಲಿ?"

"ಇಲ್ಲ."

ಅಂಗೈ ನಡುವಿಗೆ ಬಂದು ಅವರ ಹೆಬ್ಬೆರಳು ನಿಂತಿತು. ತೊಳೆದ ಕೈಯ ತಣ್ಣನೆ, ಅದರಡಿಯ ಬೆಚ್ಚನೆ, ಲೆನ್ಸ್ ಅರೆದು ಅರೆದು ಬಂದ ಒರಟು, ಎಲ್ಲವೂ ಒಂದೇ ಸಲ ಒಳಗೆ ಬಂತು.

"ಇಲ್ಲಿ?"

"ಇಲ್ಲ," ಎಂದೆ, ಅವರು ಇನ್ನೂ ಮುಂದೆ ಹೋಗಲಿ ಎಂದು.

ಅವರು ನನ್ನ ಕಣ್ಣನ್ನೇ ನೋಡುತ್ತಿದ್ದರು. "ಮೇಡಂ, ಬೆರಳು ಇಲ್ಲಿಗೆ ಬಂದ ಕೂಡ್ಲೇ ನಿಮ್ಮ ಕಣ್ಣಿನ ಪಾಪೆ ದೊಡ್ಡದಾಯ್ತು."

ಹೊಟ್ಟೆಯೊಳಗಿನಿಂದ ಎದ್ದದ್ದು ನಗುವೋ ಅಳುವೋ ನನಗೆ ತಿಳಿಯಲಿಲ್ಲ, ಎರಡೂ ಮುಖದ ಮೇಲೆ ಬಂದವು.

"ಗೊತ್ತಾಗ್ತಿದೆ," ಎಂದೆ. "ತೆಗೀಬೇಡಿ."